ಮಗ್ಗದ ಕುಣಿಯಲ್ಲಿ ಹತ್ತನೆಯ ಇಯತ್ತೆ

ಇಳಕಲ್
೪ ಡಿಸೆಂಬರ್ ೧೯೮೩, ಅಮಾವಾಸ್ಯೆ

ಅಣ್ಣ ಅಂದಪ್ಪನಿಗೆ,

ಇಲ್ಲಿ ಎಲ್ಲರೂ ಗಟ್ಟಿ ಇದ್ದೇವೆ. ನೀವೂ ಹಾಗೇ ಇರುತ್ತೀರಿ ಎಂದು ತಿಳಿದು ನೇರ ಮಾತಿಗೆ ಬರುತ್ತೇನೆ.

ಬರುವ ಮಾರ್ಚಿಗೆ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಿದ್ದೇನೆ. ಅರ್ಜಿ ಹೋಗಿಯಾಯಿತು. ಇದು ನಿನ್ನನ್ನು ಕೇಳುವ ಕಾಗದವಲ್ಲ, ನಿನಗೆ ತಿಳಿಸುವ ಕಾಗದ. ಕೇಳಿದ್ದರೆ ನೀನು ಎಂಟು ದಿನ ವಿಚಾರ ಮಾಡಿ ‘ಬೇಡ’ ಎನ್ನುತ್ತಿದ್ದೆ. ಆ ಎಂಟು ದಿನ ಉಳಿಯಿತು.

ಅಕ್ಷರ ನೋಡಿ ಗಾಬರಿಯಾಗಬೇಡ. ಅಕ್ಷರ ನಮ್ಮ ಮಗ್ಗುಲ ಮನೆಯ ಕಾಸಿಂಬಿಯದು, ಮಾತು ನನ್ನದು. ಓಣಿಯ ಕಾಗದಗಳೆಲ್ಲ ಅವಳ ಕೈಯಿಂದಲೇ ಹೋಗುತ್ತವೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ನಾನು ‘ಹೋಗ್ತೇನಿ’ ಅಂದರೆ ‘ಹೋಗುತ್ತೇನೆ’ ಎಂದೇ ಬರೆಯುತ್ತಾಳೆ. ಹಂಗ್ಯಾಕ ಎಂದು ಕೇಳಿದರೆ, ‘ಮಾಸ್ತರ್ರಿಗೆ ಹೋಗೂ ಕಾಗದ, ಅಂಗಿ ಹಾಕ್ಕೊಂಡು ಹೋಗಲಿ’ ಅನ್ನುತ್ತಾಳೆ.

ಕಾರಣ ಹೇಳುತ್ತೇನೆ. ನಮ್ಮ ಓಣಿಯ ಬಾಲವಾಡಿಯ ಟೀಚರು ಲಗ್ನವಾಗಿ ಹೋದ ಮೇಲೆ ಮುಂಜಾನೆಯ ಹೊತ್ತು ಮಕ್ಕಳನ್ನು ನಾನೇ ನೋಡುತ್ತಿದ್ದೇನೆ. ಮಧ್ಯಾಹ್ನ ಮನೆಗೆ ಬಂದು ಮಗ್ಗದ ಕುಣಿಗೆ ಇಳಿಯುತ್ತೇನೆ. ಮಹಿಳಾ ಮಂಡಳದವರು ಹೇಳಿದ್ದು ಇಷ್ಟು: ಜೂನ್ ತಿಂಗಳೊಳಗೆ ಎಸ್.ಎಸ್.ಎಲ್.ಸಿ. ಪಾಸಾಗಿದ್ದರೆ ಆ ಕೆಲಸ ಖಾಯಂ ನನಗೆ, ಇಲ್ಲದಿದ್ದರೆ ಪಾಸಾದವರಿಗೆ. ನಾನು ಸಾಲಿ ಬಿಟ್ಟದ್ದು ಒಂಬತ್ತನೆಯ ಇಯತ್ತೆಯಲ್ಲಿ, ನೀನು ಬಾಗಲಕೋಟೆಗೆ ಕಾಲೇಜಿಗೆ ಹೋದ ವರ್ಷ. ಈಗ ನನಗೆ ಮೂವತ್ತು. ಕುಣಿಯೊಳಗೆ ಸೊಂಟದವರೆಗೆ ಹೂತುಕೊಂಡು ಇನ್ನು ಮೂವತ್ತು ವರ್ಷ ಕೂಡುವ ಮನಸ್ಸು ನನಗಿಲ್ಲ.

ಅತ್ತಿ ಗುರುಲಿಂಗವ್ವ ಅನ್ನಬೇಕಾದ್ದನ್ನು ಅಂದಾಯಿತು. ‘ಮಕ್ಕಳಿಲ್ಲದಾಕಿ ಊರ ಮಕ್ಕಳ ಮೂಗು ಒರಸಾಕ ಪಾಸಾಗಬೇಕಂತ.’ ಮನೆಯವರು ಏನೂ ಅನ್ನಲಿಲ್ಲ. ಮಗ್ಗ ನಿಲ್ಲದಿದ್ದರೆ ಅವರು ಯಾವುದಕ್ಕೂ ಏನೂ ಅನ್ನುವವರಲ್ಲ.

ಈ ವರ್ಷದ ಪುಸ್ತಕಗಳು ಬೇಕು. ಹಳೆಯವು ಬೇಡ.

ನಿನ್ನ ತಂಗಿ
ಇಂದ್ರಾಬಾಯಿ

*

ವಿದ್ಯಾಗಿರಿ, ಬಾಗಲಕೋಟೆ
೧೪ ಡಿಸೆಂಬರ್ ೧೯೮೩

ಚಿ. ಸೌ. ಇಂದ್ರಾಗೆ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಸುದ್ದಿ ಅನಿರೀಕ್ಷಿತ. ನಿನ್ನ ಉತ್ಸಾಹ ಮೆಚ್ಚುವಂಥದ್ದು, ಆದರೆ ಇದ್ದ ಸಂಗತಿ ಇದ್ದಂತೆ ಹೇಳುವುದು ನನ್ನ ಧರ್ಮ. ನನ್ನ ಶಾಲೆಯ ಹುಡುಗರು ಜೂನ್‌ನಿಂದ ಓದುತ್ತಿದ್ದಾರೆ, ಅವರಿಗೆ ಬೇರೆ ಕೆಲಸವಿಲ್ಲ, ಆದರೂ ಅರ್ಧ ಮಂದಿ ನಾಪಾಸಾಗುತ್ತಾರೆ. ನೀನು ಡಿಸೆಂಬರ್‌ನಲ್ಲಿ ಶುರು ಮಾಡುತ್ತಿದ್ದೀ. ಇಂಗ್ಲಿಷ್ ಬಿಟ್ಟು ಎಷ್ಟು ವರ್ಷವಾಯಿತು? ಬೀಜಗಣಿತ?

ಕಂಡಕ್ಟರ್ ಬಸಣ್ಣನ ಸಂಗಡ ಬಸ್ಸಿಗೆ ಪುಸ್ತಕಗಳ ಗಂಟು ಕಳಿಸಿದ್ದೇನೆ. ಎಲ್ಲವೂ ಈ ವರ್ಷದವೇ. ಅದರೊಳಗೆ ಓದುವ ವೇಳಾಪಟ್ಟಿ ಇಟ್ಟಿದ್ದೇನೆ. ಬೆಳಗಿನ ಜಾವ ಗಣಿತ, ರಾತ್ರಿ ಭಾಷೆ. ಇದನ್ನು ತಪ್ಪದೆ ನಡೆಸಬೇಕು.

ಪ್ರತಿ ಏಪ್ರಿಲ್‌ನಲ್ಲಿ ನಾನು ಪೇಪರು ತಪಾಸಣೆಗೆ ಹೋಗುತ್ತೇನೆ. ಅಲ್ಲಿ ನಾವು ಅಭ್ಯರ್ಥಿಯ ಮುಖ ನೋಡುವುದಿಲ್ಲ, ಕಷ್ಟ ಕೇಳುವುದಿಲ್ಲ. ಹಾಳೆಯ ಮೇಲೆ ಇದ್ದದ್ದಕ್ಕೆ ಅಂಕ. ಇದನ್ನು ನೆನಪಿನಲ್ಲಿಡು.

ನಿನ್ನ ಯಜಮಾನ ಮಹಾಂತಪ್ಪನವರ ಒಪ್ಪಿಗೆ ಇದೆಯೋ ಇಲ್ಲವೋ ನೀನು ಸ್ಪಷ್ಟವಾಗಿ ಬರೆದಿಲ್ಲ. ಸಂಸಾರ ಕೆಡಿಸಿಕೊಂಡು ಪಾಸಾಗುವ ಪರೀಕ್ಷೆ ಯಾವುದೂ ಇಲ್ಲ.

ಇತಿ, ನಿನ್ನ ಅಣ್ಣ
ಅಂದಪ್ಪ

*

ಇಳಕಲ್
೩ ಜನವರಿ ೧೯೮೪, ಅಮಾವಾಸ್ಯೆ

ಅಣ್ಣ ಅಂದಪ್ಪನಿಗೆ,

ಪುಸ್ತಕ ಮುಟ್ಟಿದವು. ವೇಳಾಪಟ್ಟಿಯೂ ಮುಟ್ಟಿತು. ಅದನ್ನು ಗೋಡೆಗೆ ಹಚ್ಚಿದೆ, ಅತ್ತಿ ಅದರ ಮೇಲೆ ಸೊಲ್ಲಾಪುರದ ಸಿದ್ಧರಾಮನ ಕ್ಯಾಲೆಂಡರು ತೂಗುಹಾಕಿದರು. ಅವರ ತಪ್ಪಿಲ್ಲ, ಮೊಳೆ ಇದ್ದದ್ದು ಅಲ್ಲೊಂದೇ.

ನಿನ್ನ ಪಟ್ಟಿಯ ಪ್ರಕಾರ ನಡೆಯಬೇಕಾದರೆ ನಾನು ಗಂಡಸಾಗಿರಬೇಕು, ಇಲ್ಲ ವಿದ್ಯಾಗಿರಿಯಲ್ಲಿರಬೇಕು. ಬೆಳಗಿನ ಜಾವ ನೀರು, ಕಸ, ರೊಟ್ಟಿ. ಆಮೇಲೆ ಬಾಲವಾಡಿ. ಆಮೇಲೆ ಮಗ್ಗ. ರಾತ್ರಿ ಪುಸ್ತಕ ಬಿಚ್ಚಿದರೆ ಕಣ್ಣು ಮುಚ್ಚುತ್ತವೆ. ಅದಕ್ಕೆ ನಾನೂ ಕಾಸಿಂಬಿಯೂ ಬೇರೆ ದಾರಿ ಹುಡುಕಿದ್ದೇವೆ.

ಮಧ್ಯಾಹ್ನ ನಾನು ಕುಣಿಗೆ ಇಳಿದ ಮೇಲೆ ಅವಳು ಬಂದು ಮಗ್ಗದ ದಡದ ಮೇಲೆ ಕೂತು ಪುಸ್ತಕ ಓದುತ್ತಾಳೆ. ಒಂದು ಸಾಲು ಅವಳು, ಅದೇ ಸಾಲು ನಾನು. ಲಾಳಿ ಈ ಕಡೆಯಿಂದ ಆ ಕಡೆ ಹೋದಾಗ ಅರ್ಧ ಸಾಲು, ಬಂದಾಗ ಇನ್ನರ್ಧ. ಎರಡು ಪಾಠ ಮುಗಿಯುವಷ್ಟರಲ್ಲಿ ದಡಿ ಒಂದು ಗೇಣು ಏರಿರುತ್ತದೆ. ಮಗ್ಗ ನಿಲ್ಲುವುದಿಲ್ಲ, ಮನೆಯವರ ಬಾಯಿ ತೆರೆಯುವುದಿಲ್ಲ. ಲೆಕ್ಕ ಮಾತ್ರ ಹೀಗೆ ಬರುವುದಿಲ್ಲ. ಅದನ್ನು ಬಾಲವಾಡಿಯಲ್ಲಿ ಮಕ್ಕಳು ಉಪ್ಪಿಟ್ಟು ತಿನ್ನುವಾಗ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮಾಡುತ್ತೇನೆ.

ಈಗ ಕನ್ನಡದ ಗದ್ಯ-ಪದ್ಯ ಎಲ್ಲ ಬಾಯಿಗೆ ಬಂದಿವೆ. ಸಮಾಜದ್ದು ಅರ್ಧ ಬಂದಿದೆ. ಇಂಗ್ಲಿಷ್ ಏನು ಹೇಳುತ್ತದೆ ಎಂದು ಇಬ್ಬರಿಗೂ ತಿಳಿಯುವುದಿಲ್ಲ, ಆದರೂ ಬಂದಿದೆ. ನಿನ್ನೆ ನಾನು ಮೊಗಲರ ಕಂದಾಯದ ಪದ್ಧತಿ ಹೇಳುತ್ತಿದ್ದಾಗ ಮನೆಯವರು ತಮ್ಮ ಮಗ್ಗದಿಂದಲೇ, ‘ಅಕಬರ ಹೋಗಿ ಭಾಳ ದಿನಾತು, ನಿನ್ನ ಸೆರಗಿನ ಕಡೆ ನೋಡು, ಎಳಿ ಹರದೈತಿ’ ಅಂದರು. ಹರಿದಿತ್ತು. ಕಟ್ಟಿದೆ. ಮೊಗಲರನ್ನು ಬಿಟ್ಟಲ್ಲಿಂದ ಹಿಡಿದೆ.

ಅತ್ತಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೇಳುತ್ತಾರೆ. ಅವರಿಗೂ ರಕ್ತ ಪರಿಚಲನೆಯ ಪಾಠ ಪೂರಾ ಬರುತ್ತದೆ. ನಮಸ್ಕಾರ ಮಾಡಲು ಬಂದ ಬೀಗರ ಮುಂದೆ ಹೃದಯಕ್ಕೆ ನಾಲ್ಕು ಕೋಣೆ ಎಂದು ಹೇಳಿ ಅವರನ್ನು ಅಂಜಿಸಿದರು.

ನೀನು ತಡವಾಯಿತು ಎಂದಿದ್ದೀ. ತಡವಾಗುವಂತೆ ಮಾಡಿದ್ದು ಯಾರು ಎಂದು ನಾನು ಕೇಳುವುದಿಲ್ಲ.

ತಂಗಿ
ಇಂದ್ರಾಬಾಯಿ

*

ವಿದ್ಯಾಗಿರಿ, ಬಾಗಲಕೋಟೆ
೮ ಫೆಬ್ರವರಿ ೧೯೮೪

ಚಿ. ಸೌ. ಇಂದ್ರಾಗೆ ಆಶೀರ್ವಾದ.

ಮೊನ್ನೆ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ ಎಂದು ಇಳಕಲ್ಲಿಗೆ ಬಂದವನು ಊಟಕ್ಕೆ ನಿಲ್ಲದೆ ಹೊರಟದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕುಳಗೇರಿ ಕ್ರಾಸ್‌ನಲ್ಲಿ ಬಸ್ಸು ಕಾಯುತ್ತ ಕುಳಿತಾಗಲೂ ನಿನ್ನ ಹಾಳೆಗಳು ನನ್ನ ಚೀಲದಲ್ಲಿದ್ದವು. ಬಾದಾಮಿಯ ಕೆಲಸ ಮುಗಿಸಿ ಮನೆಗೆ ಬಂದು ಮತ್ತೆ ನೋಡಿದೆ. ಅಭಿಪ್ರಾಯ ಬದಲಾಗಲಿಲ್ಲ.

ಕೈಗಡಿಯಾರ ಮುಂದಿಟ್ಟು ನಿನ್ನಿಂದ ಕನ್ನಡದ ಹಳೆಯ ಪ್ರಶ್ನೆಪತ್ರಿಕೆ ಬರೆಸಿದೆ. ಪರೀಕ್ಷೆಯಲ್ಲಿ ಕೊಡುವಷ್ಟೇ ಹೊತ್ತು ಕೊಟ್ಟೆ. ಅಷ್ಟು ಹೊತ್ತಿನಲ್ಲಿ ನೀನು ಬರೆದದ್ದು ಎರಡೂವರೆ ಪುಟ. ಬರೆದದ್ದರಲ್ಲಿ ತಪ್ಪಿಲ್ಲ. ಹಾಳೆ ಕಸಿದುಕೊಂಡು ಉಳಿದ ಪ್ರಶ್ನೆಗಳನ್ನು ಬಾಯಿಂದ ಕೇಳಿದೆ. ಒಂದಕ್ಕೂ ತಡವರಿಸಲಿಲ್ಲ. ಪಾಠದ ಮೊದಲ ಸಾಲಿನಿಂದ ಹಿಡಿದು ಕೊನೆಯವರೆಗೆ ಹೇಳಿದೆ, ನಡುವೆ ನಿಲ್ಲಿಸಿದರೆ ಮತ್ತೆ ಮೊದಲಿನಿಂದ ಶುರು ಮಾಡಿದೆ, ಹೇಳುವಾಗ ನಿನ್ನ ಎರಡೂ ಪಾದ ಮಗ್ಗ ತುಳಿದಂತೆ ನೆಲ ತುಳಿಯುತ್ತಿದ್ದವು. ನನ್ನ ಶಾಲೆಯ ಮೊದಲ ನಂಬರಿನ ಹುಡುಗನಿಗೂ ಅಷ್ಟು ಬರುವುದಿಲ್ಲ. ಆದರೆ ಪೆನ್ನು ಹಿಡಿದರೆ ನಿನ್ನ ಕೈ ಒಂದೊಂದು ಅಕ್ಷರವನ್ನು ಕಲ್ಲಿನಲ್ಲಿ ಕೆತ್ತಿದಂತೆ ಬರೆಯುತ್ತದೆ. ಹದಿನೈದು ವರ್ಷ ಪೆನ್ನು ಹಿಡಿಯದ ಕೈ ಅದು. ಕಾಗದ ಕೂಡ ಇನ್ನೊಬ್ಬರಿಂದ ಬರೆಸುತ್ತ ಬಂದಿದ್ದೀ. ಕಲಿಯುವಾಗ ಒಂದು ದಿನವಾದರೂ ಬರೆದು ನೋಡಬೇಕೆಂದು ನಿಮ್ಮಿಬ್ಬರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಆಶ್ಚರ್ಯ.

ಪರೀಕ್ಷೆಗೆ ಉಳಿದದ್ದು ಒಂದೂವರೆ ತಿಂಗಳು. ಕೈ ಪಳಗುವುದಿಲ್ಲ. ಆದ್ದರಿಂದ ಒಂದು ಉಪಾಯ ಬರೆಯುತ್ತಿದ್ದೇನೆ, ಶಾಂತವಾಗಿ ಓದು. ಕೈಗೆ ಪೆಟ್ಟಾಗಿ ಬರೆಯಲಾರದ ಅಭ್ಯರ್ಥಿಗೆ ಇನ್ನೊಬ್ಬರಿಂದ ಬರೆಸಲು ಅವಕಾಶವಿದೆ. ಅಭ್ಯರ್ಥಿ ಹೇಳಬೇಕು, ಕೂತವರು ಬರೆಯಬೇಕು. ಡಾಕ್ಟರ ಸರ್ಟಿಫಿಕೇಟು ಬೇಕಾಗುತ್ತದೆ. ನನಗೆ ಪರಿಚಯದ ಡಾಕ್ಟರು ಒಬ್ಬರಿದ್ದಾರೆ, ಕೊಡುತ್ತಾರೆ. ನೀನು ಬಲಗೈಗೆ ಪಟ್ಟಿ ಸುತ್ತಿಕೊಂಡು ಹುನಗುಂದದ ಪರೀಕ್ಷಾ ಕೇಂದ್ರಕ್ಕೆ ಹೋದರೆ ಸಾಕು. ಉತ್ತರ ನಿನ್ನದೇ, ಕದ್ದದ್ದಲ್ಲ, ಕಾಪಿಯಲ್ಲ. ನಿನಗೆ ಬರುವುದನ್ನೇ ಹೇಳುತ್ತೀ. ಇದರಲ್ಲಿ ಅನ್ಯಾಯ ಯಾರಿಗೂ ಇಲ್ಲ.

ತಕ್ಷಣ ಉತ್ತರ ಬರೆ.

ಅಣ್ಣ
ಅಂದಪ್ಪ

*

ಇಳಕಲ್
೧೩ ಫೆಬ್ರವರಿ ೧೯೮೪

ಅಣ್ಣಾ

ಪಟ್ಟಿ ಬ್ಯಾಡ.

ಈ ಕಾಗದ ನಾ ಬರದದ್ದು.

ಇಂದ್ರಾ

*

ಇಳಕಲ್
೧೫ ಫೆಬ್ರವರಿ ೧೯೮೪

ಮಾಸ್ತರ ಅಂದಪ್ಪನವರಿಗೆ ಕಾಸಿಂಬಿಯ ಸಲಾಮು.

ಇಷ್ಟು ದಿನ ಇಂದ್ರಕ್ಕನ ಮಾತನ್ನು ಬರೆದೆ. ಇದು ನನ್ನದೇ ಕಾಗದ. ಬರೆದದ್ದು ಅವಳಿಗೆ ಗೊತ್ತಿಲ್ಲ, ಗೊತ್ತಾದರೆ ಬೈಯುತ್ತಾಳೆ, ಬೈಯಲಿ.

ಅವಳು ನಿಮಗೆ ಎರಡು ಸಾಲು ಬರೆದು ಹಾಕಿದ್ದಾಳೆ. ಓದಿದವರು ಸೊಕ್ಕು ಅಂತ ತಿಳಿಯುತ್ತೀರಿ. ಆ ಎರಡು ಸಾಲಿಗೆ ಅವಳು ಎಷ್ಟು ಹಾಳೆ ಕೆಡಿಸಿದಳು ಎಂದು ನಾನು ನೋಡಿದ್ದೇನೆ.

ನಿಮ್ಮ ಕಾಗದ ಓದಿ ಹೇಳಿದವಳು ನಾನೇ. ‘ನಮಗೆ ಹೊಳೆಯಲಿಲ್ಲವಲ್ಲ’ ಎಂದು ಬರೆದಿದ್ದೀರಿ. ಹೊಳೆಯಲಿಲ್ಲ, ಖರೆ. ಈ ಓಣಿಯಲ್ಲಿ ‘ಬರುತ್ತದೆ’ ಅಂದರೆ ಬಾಯಿಗೆ ಬರುತ್ತದೆ ಎಂದೇ ಅರ್ಥ, ಮಾಸ್ತರ. ಗುರುಲಿಂಗವ್ವನಿಗೆ ಇನ್ನೂರು ವಚನ ಬರುತ್ತವೆ. ನಮ್ಮ ಮಾವನಿಗೆ ಮೊಹರಮ್ಮಿನ ರಿವಾಯತ ಪದಗಳು ಹತ್ತು ದಿನ ಹಾಡಿದರೂ ಮುಗಿಯದಷ್ಟು ಬರುತ್ತವೆ. ಬರೆದು ತೋರಿಸು ಎಂದು ಅವರನ್ನು ಯಾರೂ ಕೇಳಿಲ್ಲ. ನಮ್ಮ ಕಡೆ ಕಲಿಯುವುದೆಂದರೆ ಹೀಗೆ. ನಿಮ್ಮ ಕಡೆ ಬೇರೆ ಎಂದು ಈಗ ತಿಳಿಯಿತು.

ಪಟ್ಟಿಯ ಮಾತನ್ನು ಅವಳು ನನ್ನಿಂದ ಎರಡು ಸಲ ಓದಿಸಿದಳು. ನನಗೆ ನಿಮ್ಮ ಉಪಾಯ ಹಿಡಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ‘ಅಕ್ಕಾ, ನೀ ಹೇಳೂದು, ಯಾರೋ ಬರಿಯೂದು, ಎರಡು ತಿಂಗಳ ನಾವು ಮಾಡಿದ್ದು ಇದ ಅಲ್ಲೇನು?’ ಅಂದೆ. ಅವಳು ಬಲಗೈ ಮುಂದೆ ಮಾಡಿ ನನಗೆ ತೋರಿಸಿದಳು. ಲಾಳಿಯ ಹಗ್ಗ ಎಳೆದು ಎಳೆದು ಆ ಅಂಗೈ ರೊಟ್ಟಿಯ ಹಂಚಿನ ಹಾಗೆ ಆಗಿದೆ. ಅವಳು ಅಂದದ್ದನ್ನು ಅವಳು ಅಂದ ಹಾಗೆಯೇ ಬರೆಯುತ್ತೇನೆ, ಇದಕ್ಕೆ ಅಂಗಿ ಹಾಕುವುದಿಲ್ಲ.

‘ಈ ಕೈಗೆ ಏನೂ ಆಗಿಲ್ಲ. ಈ ಕೈ ಖರೇನ ಮುರದಿದ್ದರ ಅಂವನ ಕಾಲೇಜಿನ ಫೀ ಕಟ್ಟಾಕ ಆಗ್ತಿದ್ದಿಲ್ಲ, ಅಂವಾ ಮಾಸ್ತರ ಆಗ್ತಿದ್ದಿಲ್ಲ. ಇದಕ್ಕ ಪಟ್ಟಿ ಸುತಗೊಂಡು ಕೈಲಾಗದಾಕಿ ಅನ್ನಿಸಿಕೊಂಡು ಪಾಸಾಗಂಗಿಲ್ಲ ನಾ.’

ಅಷ್ಟೇ ಅಂದಳು. ಅಳಲಿಲ್ಲ. ಎದ್ದು ಹೋಗಿ ಮಗ್ಗದ ಮೇಲೆ ಹಳೆಯ ಧೋತರ ಮುಚ್ಚಿದಳು.

ಆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇದೆ. ಸೆರಗಿನ ರೇಷ್ಮೆ ಹಾಸುನೂಲನ್ನು ಮೈಯ ಹಾಸುನೂಲಿಗೆ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದ ಮೇಲೆ ನಮ್ಮಲ್ಲಿ ಮಗ್ಗವನ್ನು ಹಾಗೆ ಬಿಡುವುದಿಲ್ಲ. ಎಳೆ ಸಡಿಲಾಗುತ್ತದೆ. ಸಾವಕಾರರ ಮಾಲು. ಮಹಾಂತಪ್ಪ ಸಂಜೆ ಬಂದು ಧೋತರ ನೋಡಿ ಯಾರು ಸತ್ತರು ಎಂದು ಕೇಳಿದರು. ಪರೀಕ್ಷೆ ಮುಗಿಯುವ ತನಕ ಮಗ್ಗಕ್ಕೆ ಇಳಿಯುವುದಿಲ್ಲ, ಮಧ್ಯಾಹ್ನವೆಲ್ಲ ಕೂತು ಬರೆಯುತ್ತೇನೆ ಎಂದಳು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ‘ಪಾಸಾಗಲಿಲ್ಲಂದ್ರ?’ ಎಂದು ಮಾತ್ರ ಕೇಳಿದರು. ‘ಆಗಲಿಲ್ಲಂದ್ರ ಆಗಲಿಲ್ಲ’ ಅಂದಳು. ಅವತ್ತಿನಿಂದ ಗಂಡ-ಹೆಂಡಿರ ನಡುವೆ ಮಾತಿಲ್ಲ. ರೊಟ್ಟಿ ಬಡಿದು ಇವಳು ಇಡುತ್ತಾಳೆ, ಅತ್ತಿ ಎತ್ತಿ ಅವರಿಗೆ ಕೊಡುತ್ತಾಳೆ.

ಈಗ ನನಗೂ ಕೆಲಸ ಇಲ್ಲ. ಓದಿ ಹೇಳುವುದು ಬೇಡವಂತೆ. ನಾನು ಬಾಗಿಲಲ್ಲಿ ಕೂತು ನೋಡುತ್ತೇನೆ. ಅವಳು ಬಾಯಿಂದ ಹೇಳದೆ ಬರೆಯಲು ನೋಡುತ್ತಾಳೆ, ತುಟಿ ತನ್ನಷ್ಟಕ್ಕೆ ಅಲುಗುತ್ತದೆ, ಒಂದು ಸಾಲು ಬರೆಯುವುದರೊಳಗೆ ತುಟಿ ಪುಟ ದಾಟಿರುತ್ತದೆ. ಆಗ ಪೆನ್ನು ಕೆಳಗಿಟ್ಟು ತುಟಿ ಕಚ್ಚಿಕೊಂಡು ಮತ್ತೆ ಹಿಂದಕ್ಕೆ ಬರುತ್ತಾಳೆ.

ತಾವು ಹಿರಿಯರು. ಏನಾದರೂ ಮಾಡುವಂತಿದ್ದರೆ ಮಾಡಿರಿ. ಪಟ್ಟಿ ಬಿಟ್ಟು.

ಕಾಸಿಂಬಿ

*

ವಿದ್ಯಾಗಿರಿ, ಬಾಗಲಕೋಟೆ
೨ ಮಾರ್ಚ್ ೧೯೮೪

ಚಿ. ಸೌ. ಇಂದ್ರಾಗೆ ಆಶೀರ್ವಾದ.

ನೀನು ಆಡಿದ ಮಾತು ನನಗೆ ಮುಟ್ಟಿದೆ. ಹೇಗೆ ಮುಟ್ಟಿತು ಎಂದು ಯಾರನ್ನೂ ಬೈಯಬೇಡ. ಅದಕ್ಕೆ ಉತ್ತರ ಬರೆಯಲು ಕುಳಿತೆ. ಬರೆದೆ. ಆ ಹಾಳೆ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಸರ್ಟಿಫಿಕೇಟಿನ ಮಾತು ಬಿಟ್ಟಿದ್ದೇನೆ. ಉಳಿದ ದಿನಗಳಿಗೆ ಪರೀಕ್ಷಕನಾಗಿ ಹೇಳುತ್ತೇನೆ, ಕೇಳು. ಎಲ್ಲ ಪ್ರಶ್ನೆಗೂ ಉತ್ತರ ಬರೆಯುವ ಆಸೆ ಬಿಡು. ಪಾಸಿಗೆ ಬೇಕಾದಷ್ಟು ಪ್ರಶ್ನೆ ಆರಿಸಿಕೋ. ಪಾಠದ ಮೊದಲ ಸಾಲಿನಿಂದ ಶುರು ಮಾಡಬೇಡ, ಕೇಳಿದ್ದನ್ನು ಮೊದಲ ವಾಕ್ಯದಲ್ಲೇ ಬರೆದುಬಿಡು. ನಾವು ಓದುವುದೂ ಅಷ್ಟನ್ನೇ. ಗಣಿತದಲ್ಲಿ ಬರವಣಿಗೆ ಕಡಿಮೆ, ಅಲ್ಲಿ ನಿನಗೆ ಅಂಜಿಕೆ ಇಲ್ಲ. ವಿಜ್ಞಾನದಲ್ಲಿ ಚಿತ್ರ ಬರೆ, ಚಿತ್ರಕ್ಕೆ ಅಂಕ ಇದೆ. ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬಿಟ್ಟ ಸ್ಥಳ ತುಂಬುವುದು, ಜೋಡಿಸುವುದು ಮೊದಲು ಮಾಡು. ಕಷ್ಟ ಇರುವುದು ಕನ್ನಡದಲ್ಲಿ. ಎಲ್ಲಕ್ಕಿಂತ ಉದ್ದದ ಪತ್ರಿಕೆ ಅದು. ಪ್ರಬಂಧ, ಪತ್ರ, ಸಾರಾಂಶ, ಎಲ್ಲವೂ ಬರೆದೇ ತೋರಿಸಬೇಕು.

ಪರೀಕ್ಷೆಯ ದಿನಗಳಲ್ಲಿ ನನಗೆ ಬಾದಾಮಿ ಕೇಂದ್ರದಲ್ಲಿ ಮೇಲ್ವಿಚಾರಣೆ ಹಾಕಿದ್ದಾರೆ. ಹುನಗುಂದಕ್ಕೆ ಬರಲಾಗುವುದಿಲ್ಲ. ನೀನೂ ಬಾ ಎಂದು ಬರೆದಿಲ್ಲ.

ಅಣ್ಣ
ಅಂದಪ್ಪ

*

ಇಳಕಲ್
೧೬ ಏಪ್ರಿಲ್ ೧೯೮೪

ಅಣ್ಣನಿಗೆ,

ಪರೀಕ್ಷೆ ಮುಗಿದವು. ಈ ಕಾಗದ ನಾನೇ ಎರಡು ದಿನದಿಂದ ಬರೆಯುತ್ತಿದ್ದೇನೆ. ಮಗ್ಗದಿಂದ ಎದ್ದಾಗೊಮ್ಮೆ ತುಸು.

ಮೊದಲ ದಿನ ಹುನಗುಂದದ ಸಾಲಿಯ ಬಾಗಿಲಲ್ಲಿ ಮಾಸ್ತರರೊಬ್ಬರು ನನ್ನನ್ನು ತಡೆದರು. ‘ಅವ್ವಾರ, ಹುಡುಗನ್ನ ಬಿಟ್ಟು ಹೊರಗ ನಿಂದರ್ರಿ’ ಅಂದರು. ನಾನೇ ಆ ಹುಡುಗ ಎಂದೆ. ಹಾಲ್ ಟಿಕೆಟು ತಿರುವಿ ಮುರುವಿ ನೋಡಿ ಒಳಗೆ ಬಿಟ್ಟರು. ಬೆಂಚು ಸಣ್ಣವು. ಕಾಲು ತುಳಿಯದ ಹಾಗೆ ಎರಡೂ ಪಾದ ಬೆಂಚಿನ ಕಾಲಿಗೆ ಸುತ್ತಿ ಕೂತೆ.

ಅಲ್ಲಿ ಬರೆಯುವವರು ಕಡಿಮೆ, ಕಿಟಕಿಯಿಂದ ಬಂದ ಚೀಟಿ ಬಿಚ್ಚುವವರು ಹೆಚ್ಚು. ಗೌಡರ ಹುಡುಗನಿಗೆ ನೀರು ಕೊಡಲು ಬಂದವನು ನೀರಿನ ಜೊತೆ ಪೂರಾ ಗೈಡನ್ನೇ ಕೊಟ್ಟು ಹೋದ. ಮೇಲ್ವಿಚಾರಕರು ಅಂಗಳದ ಬೇವಿನ ಗಿಡ ನೋಡುತ್ತಿದ್ದರು. ನನ್ನ ಮಗ್ಗುಲಿದ್ದ ಹುಡುಗ ಒಳ್ಳೆಯವನು. ನಾನು ತಡವಾಗಿ ಬರೆಯುವುದನ್ನು ನೋಡಿ ನನಗೆ ಏನೂ ಬರುವುದಿಲ್ಲ ಎಂದು ತಿಳಿದು ತನ್ನ ಚೀಟಿ ನನ್ನ ಕಡೆ ಸರಿಸಿದ. ‘ತಗೋರಿ ಅಕ್ಕಾರ’ ಅಂದ. ಹೊತ್ತಿನ ಚೀಟಿ ಇದ್ದರೆ ಕೊಡು ಎಂದೆ. ತಿಳಿಯಲಿಲ್ಲ ಅವನಿಗೆ.

ಗಣಿತ ಮುಗಿಸಿದೆ. ಉಳಿದವನ್ನು ನೀನು ಹೇಳಿದ ಹಾಗೆ ಆರಿಸಿ ಬರೆದೆ. ಕನ್ನಡ ಮುಗಿಯಲಿಲ್ಲ. ಸಾರಾಂಶ ಅರ್ಧಕ್ಕೆ ಬಂತು. ಪ್ರಬಂಧದ ತಲೆಬರಹ ಬರೆದು ಎರಡು ಸಾಲು ಬರೆಯುವುದರಲ್ಲಿ ಗಂಟೆ ಬಾರಿಸಿದರು. ಮಾಸ್ತರರು ಬಂದು ಹಾಳೆ ಹಿಡಿದು ಜಗ್ಗಿದರು. ಇಡೀ ಪ್ರಬಂಧ ನನ್ನ ಬಾಯಲ್ಲಿತ್ತು. ಬಸ್ ಸ್ಟ್ಯಾಂಡಿನ ತನಕ ಹೇಳುತ್ತ ಬಂದೆ.

ಅರ್ಧ ಬಿಟ್ಟಿದ್ದ ಸೀರೆಯ ಎಳೆ ಸಡಿಲಾಗಿತ್ತು. ಸಾವಕಾರರು ಮಾಲು ಕೆಟ್ಟಿದೆ ಎಂದು ತಿರುಗಿಸಿದರು. ಮನೆಯವರು ಅದರ ಬಗ್ಗೆ ಮಾತಾಡಿದರು. ಹೀಗಾಗಿ ಮಾತು ಶುರುವಾಗಿದೆ.

ಇಂದ್ರಾ

*

ವಿದ್ಯಾಗಿರಿ, ಬಾಗಲಕೋಟೆ
೯ ಜೂನ್ ೧೯೮೪

ಚಿ. ಸೌ. ಇಂದ್ರಾಗೆ ಆಶೀರ್ವಾದ.

ಇಂದಿನ ಪತ್ರಿಕೆಯಲ್ಲಿ ಪಾಸಾದವರ ನಂಬರು ಬಂದಿವೆ. ಹುನಗುಂದ ಕೇಂದ್ರದ ಸಾಲನ್ನು ಎರಡು ಸಲ ನೋಡಿದೆ, ಶಾಲೆಯಲ್ಲಿ ಇನ್ನೊಬ್ಬ ಶಿಕ್ಷಕರಿಂದಲೂ ನೋಡಿಸಿದೆ. ನಿನ್ನ ನಂಬರು ಇಲ್ಲ.

ಯಾವ ವಿಷಯ ಹೋಗಿದೆ ಎಂಬುದು ಅಂಕಪಟ್ಟಿ ಬಂದ ಮೇಲೆ ತಿಳಿಯುತ್ತದೆ. ನನಗೆ ಊಹೆ ಇದೆ. ನಿನಗೂ ಇರಬೇಕು.

ಈಗ ಮುಂದಿನ ಮಾತು. ದುಡುಕಬೇಡ. ಮಂಡಳದವರ ಸಂಗಡ ಜಗಳ ತೆಗೆಯಬೇಡ. ಕೆಲಸ ಯಾರಿಗೇ ಕೊಡಲಿ, ನೀನು ಮೊದಲಿನ ಹಾಗೆ ಮಕ್ಕಳನ್ನು ನೋಡಿಕೊಂಡಿರು. ಅದು ಸೇವೆ. ಸೇವೆ ಮಾಡಿದವರನ್ನು ಜನ ಮರೆಯುವುದಿಲ್ಲ. ನಾಳೆ ಇನ್ನೊಂದು ಜಾಗ ಖಾಲಿಯಾದಾಗ ನಿನ್ನನ್ನೇ ಕರೆಯುತ್ತಾರೆ. ನಮ್ಮ ಮನೆತನದಲ್ಲಿ ಕಾಯಕಕ್ಕೆ ಹಿಂದೆಗೆದವರಿಲ್ಲ.

ಒಂದೇ ವಿಷಯ ಹೋಗಿದ್ದರೆ ಅಕ್ಟೋಬರ್‌ಗೆ ಕಟ್ಟಬಹುದು. ಆದರೆ ಅವಸರವಿಲ್ಲ, ಬರುವ ಮಾರ್ಚಿಗೆ ಕಟ್ಟಿದರೂ ನಡೆದೀತು.

ಅಣ್ಣ
ಅಂದಪ್ಪ

*

ಇಳಕಲ್
೨೮ ಜುಲೈ ೧೯೮೪

ಅಣ್ಣ ಅಂದಪ್ಪನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಂಕಪಟ್ಟಿ ಬರಲಿ ಎಂದು ಕಾಯ್ದೆ. ಬಂತು.

ಗಣಿತ ಪಾಸು. ವಿಜ್ಞಾನ ಪಾಸು. ಸಮಾಜ ಪಾಸು. ಹಿಂದಿ ಪಾಸು. ಅರ್ಥ ತಿಳಿಯದೆ ಕಲಿತ ಇಂಗ್ಲಿಷ್ ಕೂಡ ಅಂಚಿನ ಮೇಲೆ ಪಾಸು. ಕನ್ನಡ ನಾಪಾಸು.

ಕಾಸಿಂಬಿ ಓದಿ ನಕ್ಕಳು, ಆಮೇಲೆ ಕಣ್ಣು ಒರಸಿಕೊಂಡಳು. ಅತ್ತಿ ಮಾತ್ರ ಸಿಟ್ಟಿಗೆದ್ದರು, ನನ್ನ ಮೇಲಲ್ಲ. ‘ಮುಂಜಾನಿ ಎದ್ದು ಮಲಗೂತನಾ ಕನ್ನಡಾನ ಮಾತಾಡ್ತಾಳ ಇಕಿ, ಯಾಂವ ಅಂವಾ ಇಕಿಗೆ ಕನ್ನಡ ಬರಂಗಿಲ್ಲ ಅನ್ನಾಂವ?’ ಎಂದು ಓಣಿಗೆ ಕೇಳುವ ಹಾಗೆ ಕೇಳಿದರು. ತಪಾಸಣೆ ಮಾಡುವವನು ನೀನು, ನಿನಗೆ ಗೊತ್ತಿದೆ. ಗಂಡನ ಮನೆಯ ಮೊದಲ ದಿನದಿಂದ ಈ ಮಗ್ಗದ ಕುಣಿಯಲ್ಲಿ ಆಡಿದ ಕನ್ನಡ, ಹಾಡಿದ ಕನ್ನಡ, ಕಲಿತ ಕನ್ನಡ ಯಾವುದೂ ಆ ಹಾಳೆಯ ಮೇಲೆ ಇರಲಿಲ್ಲ. ಪ್ರಬಂಧದ ಜಾಗದಲ್ಲಿ ಎರಡು ಸಾಲಿತ್ತು. ಗೌಡರ ಹುಡುಗನ ಹಾಳೆ ತುಂಬಿತ್ತು. ಅವನು ಪಾಸಾಗಿದ್ದಾನೆ.

ಬಾಲವಾಡಿಯ ಕೆಲಸ ಮಂಡಳದ ಅಧ್ಯಕ್ಷಿಣಿ ನೀಲಾಬಾಯಿಯವರ ಸೊಸೆಗೆ ಹೋಯಿತು. ಅವಳು ಹುಡುಗಿಯಾಗಿದ್ದಾಗಲೇ ಪಾಸಾದವಳು. ಸಾಹೇಬರು ನೋಡಲು ಬರುವ ದಿನ ಬಾಗಿಲು ತೆರೆಯುತ್ತಾಳೆ, ಉಳಿದ ದಿನ ಕೀಲಿ. ಹದಿನೈದು ದಿನ ಹೀಗೆ ಕಳೆದ ಮೇಲೆ ನೀಲಾಬಾಯಿಯವರು ನಮ್ಮ ಮನೆಗೆ ಬಂದರು. ಚಾಪೆ ಹಾಸಿದೆ, ಚಹ ಕೊಟ್ಟೆ. ಸೊಸೆಗೆ ಮೈಯಲ್ಲಿ ಹುಷಾರಿಲ್ಲ, ಹುಡುಗರು ಬೀದಿಗೆ ಬಿದ್ದಿದ್ದಾರೆ ಎಂದರು. ಆಮೇಲೆ ಬಂದ ಕೆಲಸ ಹೇಳಿದರು.

‘ಹೆಸರು ಆಕೀದ ಇರಲಿ ಇಂದ್ರವ್ವಾ. ಹುಡುಗರನ್ನ ನೀನ ನೋಡಿಕೊಂಡಿರು. ನಿನ್ನ ಕೈಯಾಗ ಪಳಗಿದ ಹುಡುಗರು. ಕಾಯಕ ಅಂದ್ಕೋ.’

ನೀನೂ ಅದೇ ಮಾತು ಬರೆದಿದ್ದೆ. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ, ಆದರೂ ಮಾತು ಒಂದೇ. ಅವರಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ.

‘ಅವ್ವಾರ, ಬಸವಣ್ಣ ಕಾಯಕ ಮಾಡು ಅಂದಾನ. ನಿನ್ನ ಕಾಯಕ ಇನ್ನೊಬ್ಬಾಕಿ ಹೆಸರಿಗೆ ಬರಸು ಅಂದಿಲ್ಲ. ಒಮ್ಮೆ ಬರಸೇನಿ. ಆ ಲೆಕ್ಕ ಮುಗದೈತಿ.’

ಒಮ್ಮೆ ಯಾರ ಹೆಸರಿಗೆ ಎಂದು ಅವರು ಕೇಳಲಿಲ್ಲ. ನೀನು ಕೇಳುವುದಿಲ್ಲ ಎಂದು ನನಗೆ ಗೊತ್ತಿದೆ. ಚಹ ಅರ್ಧ ಬಿಟ್ಟು ಎದ್ದರು. ಬಾಗಿಲಲ್ಲಿ ನಿಂತು, ಮಕ್ಕಳ ಮೇಲೆ ಕರುಣೆ ಬೇಡವೇ ಎಂದು ಕೇಳಿದರು. ಮಕ್ಕಳಿಲ್ಲದವಳಿಗೆ ಎಲ್ಲಿಂದ ಬರಬೇಕು ಎಂದು ತಾವೇ ಉತ್ತರ ಹೇಳಿಕೊಂಡು ಹೋದರು.

ಅಕ್ಟೋಬರ್‌ಗೆ ಕಟ್ಟಿದ್ದೇನೆ. ಮಾರ್ಚ್ ತನಕ ಕಾಯುವುದಿಲ್ಲ. ಪಾಸಾದರೂ ಆ ಕೆಲಸ ನನಗೆ ಬರುವುದಿಲ್ಲ, ಅದು ಹೋಯಿತು. ರಾಮಥಾಳದ ಕಡೆ ಹಳ್ಳಿಗಳಲ್ಲಿ ಹೊಸ ಬಾಲವಾಡಿ ತೆರೆಯುತ್ತಾರಂತೆ, ಕೇಳಿಕೊಂಡು ಬಂದಿದ್ದೇನೆ. ಊರು ಬಿಟ್ಟು ಹೋಗುತ್ತೀಯಾ ಎಂದು ಮನೆಯವರು ಕೇಳಿದರು. ಬಸ್ಸಿದೆ ಎಂದೆ. ಅವರು ಮಗ್ಗಕ್ಕೆ ಇಳಿದರು. ಮಧ್ಯಾಹ್ನ ನನ್ನ ಮಗ್ಗ ಒಂದು ತಾಸು ನಿಲ್ಲುತ್ತದೆ, ಅದಕ್ಕೆ ಈಗ ಅವರು ಏನೂ ಅನ್ನುವುದಿಲ್ಲ, ಹೂಂ ಎಂದೂ ಅಂದಿಲ್ಲ. ಆ ಒಂದು ತಾಸು ಕದ ಹಾಕಿಕೊಂಡು ಪ್ರಬಂಧ ಬರೆಯುತ್ತೇನೆ. ಮಕ್ಕಳನ್ನು ನೋಡುವುದಿಲ್ಲ ಎಂದದ್ದಕ್ಕೆ ಓಣಿಯ ತಾಯಂದಿರು ನನ್ನ ಸಂಗಡ ಮಾತು ಬಿಟ್ಟಿದ್ದಾರೆ. ಅವರೊಳಗೆ ಮುಮ್ತಾಜ ಒಬ್ಬಳು ಮಾತ್ರ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಂಡಿಕೆ ಸುತ್ತಲು ಹೋಗುತ್ತಾಳೆ, ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ.

ದೊಡ್ಡವರಿಗೆ ತಿಳಿದದ್ದು ಮಕ್ಕಳಿಗೆ ತಿಳಿಯುವುದಿಲ್ಲ. ನಿನ್ನೆಯೂ ಬಂದವು. ಬಾಲವಾಡಿಯ ಕೀಲಿ ನೋಡಿ ಸೀದಾ ನಮ್ಮ ಮನೆಗೆ ಬಂದು ಕದ ಬಡಿದವು. ನಾನು ಒಳಗೆ ಕೂತಿದ್ದೆ. ‘ಟೀಚರ’ ಎಂದು ಕರೆದವು. ಆಮೇಲೆ ನಾನೇ ಕಲಿಸಿದ ಹಾಡನ್ನು ಕದದ ಹೊರಗೆ ಕೂತು ಪೂರಾ ಹೇಳಿದವು, ಒಂದು ಶಬ್ದ ತಪ್ಪಲಿಲ್ಲ. ಹೇಳಿ ಮುಗಿಸಿ, ಶಾಬಾಸ್ ಅನ್ನುವೆನೋ ಎಂದು ಕಾದವು.

ಕದ ತೆರೆಯಲಿಲ್ಲ. ಬರೆಯುತ್ತಿದ್ದ ಸಾಲು ಮುಗಿಸಿದೆ, ಅದರ ಕೆಳಗಿನ ಸಾಲು ಹಿಡಿದೆ.

ಇಂದ್ರಾಬಾಯಿ